ಕಬ್ಬಿಣದ ಕಡಲೆ

ಪರೀಕ್ಷೆಯ ತಿಂಗಳು ಬಂದಿತೆಂದರೆ ಶಿವಮೊಗ್ಗದ ಕಾಲೇಜುಗಳ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಅರ್ಥಶಾಸ್ತ್ರವೇನು, ರಸಾಯನಶಾಸ್ತ್ರವೇನು, ಇತಿಹಾಸವೇನು, ಸಕಲ ಶಾಸ್ತ್ರಗಳೂ ಅಲ್ಲಿ ಒಂದೇ ಬಣ್ಣದ ನೋಟ್ಸುಗಳಾಗಿ ಅವತರಿಸುತ್ತವೆ. ಯಾರು ಬರೆದರು, ಯಾವ ಗ್ರಂಥದಿಂದ ಎತ್ತಿದರು ಎಂದು ಕೇಳುವವರಿಲ್ಲ. ಐದು ಅಂಕಕ್ಕೆ ಒಂದು ಪುಟ, ಹತ್ತು ಅಂಕಕ್ಕೆ ಎರಡು ಪುಟ. ವಿದ್ಯೆಗೆ ಇಷ್ಟೇ ಅಳತೆ.

ಹುಡುಗರನ್ನು ಬೈಯುವುದು ಸುಲಭ. ಆದರೆ ಅವರ ಕೈಗೆ ನಾವು ಕೊಟ್ಟಿರುವುದಾದರೂ ಏನು? ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ವಿಜ್ಞಾನಕ್ಕೆ ಸೇರಿದ ಹುಡುಗಿಯ ಎದುರಿಗೆ ದಪ್ಪನೆಯ ಇಂಗ್ಲಿಷ್ ಗ್ರಂಥ ಬಂದು ಕೂರುತ್ತದೆ. ಅವಳು ಎಡವುವುದು ಭಾಷೆಯಲ್ಲಿ. ಆದರೆ ವಿಷಯವೇ ತನ್ನ ತಲೆಗೆ ಹತ್ತದೆಂದು ನಂಬಿಬಿಡುತ್ತಾಳೆ. ಅಂಕ ಹೋದರೆ ಮತ್ತೆ ಬಂದೀತು, ಹೋದ ಧೈರ್ಯ ಬರುವುದು ಕಷ್ಟ.

ಈ ಚಿಂತೆ ಹೊಸದಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡಗೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರತಂದರು. ನಮ್ಮ ಜಿಲ್ಲೆಯವರೇ ಆದ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಕಾಲೇಜಿನ ಪಾಠ ಕನ್ನಡದಲ್ಲಿ ನಡೆಯಬೇಕೆಂದು ಪಟ್ಟು ಹಿಡಿದು ಪಠ್ಯಗಳನ್ನು ಬರೆಸಲು ತೊಡಗಿದರು. 1987ರಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೇ ಹುಟ್ಟಿ, ಭದ್ರಾವತಿಯ ಮಗ್ಗುಲಿನ ಶಂಕರಘಟ್ಟದಲ್ಲಿ ನೆಲೆಸಿತು. ಹೆಸರು ಹತ್ತಿರ ಬಂದಿತು, ಕೆಲಸ?

ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವವರು ನಾವು. ಭದ್ರಾವತಿಯನ್ನೇ ನೋಡಿರಿ. 1923ರಲ್ಲಿ ಅಲ್ಲಿನ ಊದುಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು ಭೂವಿಜ್ಞಾನದ ಪಾಠ. ಇದ್ದಿಲು ಅದಿರಿನೊಳಗಿನ ಆಮ್ಲಜನಕವನ್ನು ಕಸಿದುಕೊಂಡು ಕಬ್ಬಿಣವನ್ನು ಬಿಡಿಸುವುದು, ಸುಣ್ಣಕಲ್ಲು ಕಲ್ಮಷವನ್ನು ಹೀರಿ ಕಿಟ್ಟವಾಗುವುದು, ಸೌದೆ ಕಾಯಿಸಿದ ಹೊಗೆಯಿಂದ ಮದ್ಯಸಾರವನ್ನೂ ಟಾರನ್ನೂ ಇಳಿಸುವುದು, ಇವೆಲ್ಲ ರಸಾಯನಶಾಸ್ತ್ರ. ಇದ್ದಿಲಿಗಾಗಿ ಮಲೆನಾಡಿನ ಕಾಡು ತೆತ್ತ ಬೆಲೆ ಪರಿಸರದ ಪಾಠ. ಮೊದಲು ನಷ್ಟದಲ್ಲಿದ್ದ ಕಾರ್ಖಾನೆಯನ್ನು ವಿಶ್ವೇಶ್ವರಯ್ಯನವರು ಹಿಡಿದೆತ್ತಿದ್ದು ವಾಣಿಜ್ಯದ ಪಾಠ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎಂಟು ದಶಕಗಳೊಳಗೆ ಕೆಲಸ ನಿಲ್ಲಿಸಿದ್ದು ಅರ್ಥಶಾಸ್ತ್ರದ ಪಾಠ, ಮನೆಮನೆಯ ಕಣ್ಣೀರೂ ಹೌದು. ಒಂದೇ ಊರಿನಲ್ಲಿ ಐದು ಶಾಸ್ತ್ರ!

“ಕನ್ನಡದಲ್ಲಿ ಓದಿದರೆ ಕೆಲಸ ಯಾರು ಕೊಡುತ್ತಾರೆ?” ಎಂದು ಹೆತ್ತವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಂಗ್ಲಿಷನ್ನು ಬಿಡಿರೆಂದು ಯಾರೂ ಹೇಳುತ್ತಿಲ್ಲ; ಅರಿವು ಮೊದಲು ಮನೆಯ ಮಾತಿನಲ್ಲಿ ಮೂಡಲಿ, ಇಂಗ್ಲಿಷಿನ ಪಾರಿಭಾಷಿಕ ಪದ ಅದರ ಜೊತೆಯಲ್ಲಿ ಬರಲಿ. ‘ಹಣದುಬ್ಬರ’ ಎಂದೊಡನೆ ಸಂತೆಗೆ ಹೋಗಿಬಂದ ಅಜ್ಜಿಗೂ ಅರ್ಧ ಅರ್ಥವಾಗುತ್ತದೆ. ಉಳಿದರ್ಧವನ್ನು ತಿಳಿಸುವುದಷ್ಟೇ ಅಧ್ಯಾಪಕನ ಕೆಲಸ.

ಪಠ್ಯವೆಂದರೆ ಮಹಾಗ್ರಂಥವೇ ಆಗಬೇಕಿಲ್ಲ. ಒಬ್ಬೊಬ್ಬ ಅಧ್ಯಾಪಕ ವರ್ಷಕ್ಕೆ ಹದಿನಾರು ಪುಟ, ತನ್ನ ಹೆಸರು ಹಾಕಿ, ತಪ್ಪಿಗೆ ತಾನೇ ಹೊಣೆಯಾಗಿ ಬರೆದರೆ ಸಾಕು. ಕುಲುಮೆಯ ಮುಂದೆ ಬೆವರಿಳಿಸಿ ನಿವೃತ್ತರಾದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮನೆಯ ಮಕ್ಕಳು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಕಬ್ಬಿಣವನ್ನೇ ಕರಗಿಸಿದ ಊರಿನವರಿಗೆ ಕಬ್ಬಿಣದ ಕಡಲೆಯನ್ನು ಮೆತ್ತಗೆ ಮಾಡುವುದೇನು ಮಹಾ?