‘ಸಹಿಸ್ಕೋ’ ಅನ್ನೋದು ಇನ್ನು ಸಾಕು

ಮದುವೆ ಅಂದರೆ ನಮ್ಮ ಊರುಗಳಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಚಪ್ಪರ ಎಲ್ಲಿ ಹಾಕಬೇಕು, ಅಕ್ಕಿ ಎಷ್ಟು ಬೇಕು, ಬೀಗರನ್ನು ಹೇಗೆ ಕರೆಯಬೇಕು, ಎಲ್ಲದಕ್ಕೂ ಹತ್ತು ಜನ ಇರುತ್ತಾರೆ. ಆದರೆ ಮೊದಲ ರಾತ್ರಿಯ ಬಗ್ಗೆ ಮದುಮಗಳಿಗೆ ಸಿಗುವುದು ಹೆಚ್ಚಾಗಿ ಒಂದೇ ಮಾತು: ‘ಸ್ವಲ್ಪ ನೋಯುತ್ತೆ, ಸಹಿಸ್ಕೋ.’ ಮದುಮಗನಿಗೆ ಅಷ್ಟೂ ಇಲ್ಲ. ಅವನಿಗೆ ಪಾಠ ಹೇಳುವುದು ಗೆಳೆಯರ ಜಂಬದ ಮಾತು ಮತ್ತು ಮೊಬೈಲಿನ ವಿಡಿಯೊ.

ಈ ‘ಸಹಿಸ್ಕೋ’ ಅನ್ನುವ ಮಾತೇ ತಪ್ಪು ಅಂತ ನಾವು ಹೇಳುತ್ತಿದ್ದೇವೆ. ಗಂಡ ಹೆಂಡತಿ ಕೂಡುವಾಗ ನೋವಾಗುವುದು ಹೆಣ್ಣಿನ ಹಣೆಬರಹ ಅಲ್ಲ. ಬಹಳ ಸಲ ಅದಕ್ಕೆ ಕಾರಣ, ಅವಳ ದೇಹ ಇನ್ನೂ ಸಿದ್ಧವಾಗಿಲ್ಲ ಅನ್ನುವುದು. ಹೇಗೆ ಸಿದ್ಧವಾಗುತ್ತದೆ ಅಂತ ಇಬ್ಬರಿಗೂ ಯಾರೂ ಹೇಳಿಲ್ಲ. ಓದಲು ಮುಜುಗರವಾದರೆ ಒಬ್ಬರೇ ಕೂತು ಓದಿ. ಆದರೆ ಪೂರ್ತಿ ಓದಿ.

ದೇಹದಲ್ಲಿ ಆಗುವುದೇನು?

ಮನಸ್ಸಿಗೆ ಇಷ್ಟವಿದ್ದು, ಮೈಗೆ ಹಿತವಾದ ಸ್ಪರ್ಶ ಸಿಕ್ಕಾಗ ಹೆಣ್ಣಿನ ಜನನಾಂಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಯೋನಿಯ ಒಳಗೋಡೆಯಿಂದ ತೇವ ಜಿನುಗುತ್ತದೆ. ಯೋನಿಯ ಒಳಭಾಗ ಉದ್ದವೂ ಅಗಲವೂ ಆಗುತ್ತದೆ, ಗರ್ಭಕೋಶ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಎಂಬ ಸಂಶೋಧಕರು 382 ಹೆಂಗಸರು ಮತ್ತು 312 ಗಂಡಸರನ್ನು ಪ್ರಯೋಗಾಲಯದಲ್ಲಿ ಗಮನಿಸಿ, ಇದನ್ನೆಲ್ಲ 1966ರಲ್ಲಿ ಪುಸ್ತಕವಾಗಿ ಬರೆದರು.

ಇಷ್ಟೆಲ್ಲ ಆಗಲು ಹೊತ್ತು ಬೇಕು. ಅವಸರ ಮಾಡಿದರೆ ಒಣಗಿದ ಚರ್ಮಕ್ಕೆ ಚರ್ಮ ಉಜ್ಜುತ್ತದೆ, ಉರಿಯುತ್ತದೆ, ಕೆಲವು ಸಲ ಗಾಯವೂ ಆಗುತ್ತದೆ. ಒಮ್ಮೆ ನೋವು ತಿಂದವಳಿಗೆ ಮುಂದಿನ ಸಲ ಹೆದರಿಕೆ. ಹೆದರಿಕೆಯಿಂದ ಮೈ ಬಿಗಿಯಾಗುತ್ತದೆ, ನೋವು ಇನ್ನೂ ಜಾಸ್ತಿ. ಆಗ ಗಂಡ ‘ಇವಳಿಗೆ ನನ್ನ ಮೇಲೆ ಆಸೆ ಇಲ್ಲ’ ಅಂದುಕೊಳ್ಳುತ್ತಾನೆ. ಎಷ್ಟೋ ಮನೆಗಳ ಮುನಿಸು ಶುರುವಾಗುವುದು ಹೀಗೆ.

ಹೆಣ್ಣನ್ನು ಹೊಲಕ್ಕೆ ಹೋಲಿಸುವುದು ನಮಗೆ ಇಷ್ಟವಿಲ್ಲ. ಆದರೆ ‘ಹದ’ ಅನ್ನುವ ಮಾತು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹದಕ್ಕೆ ಕಾಯುವುದು ಗೊತ್ತಿರುವ ಕೈಗಳು ಮನೆಯೊಳಗೆ ಯಾಕೆ ಕಾಯುವುದಿಲ್ಲ?

ಇನ್ನೊಂದು ವಿಷಯ. ಯೋನಿಯ ಮೇಲ್ಭಾಗದಲ್ಲಿ ಕಾಳಿನಷ್ಟು ಕಾಣುವ ಒಂದು ಅಂಗವಿದೆ. ಡಾಕ್ಟರುಗಳು ಕ್ಲಿಟೋರಿಸ್ ಅನ್ನುತ್ತಾರೆ, ಕನ್ನಡ ಪುಸ್ತಕಗಳಲ್ಲಿ ಭಗಾಂಕುರ ಅಂತ ಇರುತ್ತದೆ. ಹೊರಗೆ ಕಾಣುವುದು ಅದರ ತುದಿ ಮಾತ್ರ, ಹೆಚ್ಚಿನ ಭಾಗ ಒಳಗಿದೆ. ಇದರ ನಿಜವಾದ ಗಾತ್ರವನ್ನು ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ವಿವರವಾಗಿ ತೋರಿಸಿದರು. ಹೆಣ್ಣಿಗೆ ಸುಖ ಸಿಗುವುದು ಮುಖ್ಯವಾಗಿ ಇದರಿಂದ. ಆದ್ದರಿಂದಲೇ ಬರೀ ಕೂಡುವುದರಿಂದ ಎಷ್ಟೋ ಹೆಂಗಸರಿಗೆ ತೃಪ್ತಿ ಸಿಗುವುದಿಲ್ಲ. ಅದು ಅವಳ ಕೊರತೆ ಅಲ್ಲ, ಅವನ ಗಂಡಸುತನದ ಸೋಲೂ ಅಲ್ಲ. ದೇಹ ಇರುವುದೇ ಹಾಗೆ.

ಆಸೆ ಮೊದಲೇ ಬರಬೇಕಾ?

‘ನನಗೆ ತಾನಾಗಿ ಆಸೆಯೇ ಹುಟ್ಟಲ್ಲ, ನನ್ನಲ್ಲೇ ಏನೋ ದೋಷ ಇದೆ’ ಅಂತ ಕೊರಗುವ ಅಕ್ಕಂದಿರಿಗೆ ಒಂದು ಮಾತು. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಬರೆದದ್ದು ಇದನ್ನೇ: ಅನೇಕ ಹೆಂಗಸರಿಗೆ ಆಸೆ ಮೊದಲು ಬರುವುದಿಲ್ಲ. ಮಾತು, ಹತ್ತಿರ ಕೂರುವುದು, ಮುಟ್ಟುವುದು ಹಿತ ಅನ್ನಿಸಿದ ಮೇಲೆ ಆಸೆ ಹುಟ್ಟುತ್ತದೆ. ಇದು ಕಾಯಿಲೆ ಅಲ್ಲ.

ಹಾಗಂತ ‘ಮುಟ್ಟಿದರೆ ತಾನಾಗಿ ಬರುತ್ತೆ’ ಅಂತ ಯಾರೂ ತಿಳಿಯಬೇಡಿ. ಬೆಳಿಗ್ಗೆ ಬೈದು, ಸಂಜೆ ಕುಡಿದು ಬಂದು, ರಾತ್ರಿ ಕೈ ಹಿಡಿದರೆ ಯಾವ ಆಸೆಯೂ ಹುಟ್ಟುವುದಿಲ್ಲ. ಕೂಲಿ, ಅಡುಗೆ, ದನ, ಮಕ್ಕಳು ಅಂತ ದಿನವಿಡೀ ದುಡಿದವಳಿಗೆ ರಾತ್ರಿ ಬೇಕಿರುವುದು ನಿದ್ದೆ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸುಸ್ತಾದ ಮೈಯನ್ನು ದೂರುವ ಮೊದಲು ಪಾತ್ರೆ ತೊಳೆಯಲು ಕೈ ಜೋಡಿಸಿ.

ಇನ್ನೊಂದನ್ನು ಗಂಡಸರು ಮನಸ್ಸಿಟ್ಟು ಓದಬೇಕು. ಮನಸ್ಸಿಲ್ಲದಿದ್ದರೂ, ಬಲವಂತ ನಡೆದಾಗಲೂ, ಕೆಲವು ಸಲ ದೇಹ ತನ್ನಷ್ಟಕ್ಕೆ ತೇವವಾಗುತ್ತದೆ. ಅದು ಒಪ್ಪಿಗೆ ಅಲ್ಲ. ಮನಸ್ಸಿದ್ದೂ ದೇಹ ತೇವವಾಗದೆ ಇರಬಹುದು. ಅದು ತಿರಸ್ಕಾರ ಅಲ್ಲ. ದೇಹ ನೋಡಿ ಊಹಿಸಬೇಡಿ, ಬಾಯಿಬಿಟ್ಟು ಕೇಳಿ. ಮೊದಲ ರಾತ್ರಿಯ ರಕ್ತವೂ ಹಾಗೆಯೇ. ಎಲ್ಲರಿಗೂ ಬರುವುದಿಲ್ಲ. ಅದು ಶೀಲಕ್ಕೆ ಸಾಕ್ಷಿ ಅಲ್ಲ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಹೊತ್ತು ಕೊಟ್ಟರೂ ಒಣಗಿರುವುದು, ಪ್ರತಿ ಸಲ ನೋವು, ಕೂಡಿದ ಮೇಲೆ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು ಇದ್ದರೆ ತೋರಿಸಲೇಬೇಕು. ಮಗುವಿಗೆ ಎದೆಹಾಲು ಕೊಡುವ ದಿನಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನು ಕಡಿಮೆಯಾಗಿ ಯೋನಿ ಒಣಗುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದವರಿಗೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಕಾರಣವಾಗಬಹುದು. ಕೆಲವರಿಗೆ ಯೋನಿಯ ಸುತ್ತಲ ಸ್ನಾಯು ತಾನಾಗಿ ಬಿಗಿಯುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಒಣಗುವುದಕ್ಕೆ ಮೆಡಿಕಲ್ ಶಾಪಿನಲ್ಲಿ ನೀರಿನ ಅಂಶದ ಜೆಲ್ ಸಿಗುತ್ತದೆ. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರು ಹರಿಯುತ್ತದೆ.

‘ಇಂಥದ್ದೆಲ್ಲ ಬರೆದರೆ ಹುಡುಗರು ಕೆಡುತ್ತಾರೆ’ ಅನ್ನುವ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ. ಹುಡುಗರು ಈಗಾಗಲೇ ವಿಡಿಯೊ ನೋಡುತ್ತಿದ್ದಾರೆ. ಅದರಲ್ಲಿ ಹೆಣ್ಣು ಕ್ಷಣದಲ್ಲಿ ಸಿದ್ಧ, ನೋವಾದರೂ ಖುಷಿ. ಅದು ದುಡ್ಡಿಗೆ ಮಾಡುವ ನಟನೆ ಅಂತ ಅವರಿಗೆ ಹೇಳುವವರು ಯಾರು? ನಾವು ಸುಮ್ಮನಿದ್ದರೆ ಆ ವಿಡಿಯೊವೇ ಅವರ ಮೇಷ್ಟ್ರು. ಇನ್ನು ಇದು ಪೇಟೆಯವರ ಮಾತು, ಹೊರದೇಶದ ಮಾತು ಅನ್ನುವುದೂ ಸರಿಯಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ಎಷ್ಟೋ ದಶಕಗಳ ಹಿಂದೆಯೇ ‘ದಾಂಪತ್ಯ ದೀಪಿಕೆ’ ಬರೆದಿದ್ದರು. ಅವರಿಗಿದ್ದ ಧೈರ್ಯ ನಮಗೆ ಯಾಕಿಲ್ಲ?

ನಮ್ಮ ಬೇಡಿಕೆ ದೊಡ್ಡದಲ್ಲ. ಆಶಾ ಅಕ್ಕಂದಿರು ಹೊಸ ಸೊಸೆಯ ಹತ್ತಿರ ಕುಟುಂಬ ಯೋಜನೆಯ ಬಗ್ಗೆ ಮಾತಾಡುತ್ತಾರೆ. ಜೊತೆಗೆ ‘ನೋವೇನಾದರೂ ಇದೆಯಾ?’ ಅಂತ ಒಂದು ಪ್ರಶ್ನೆ ಸೇರಿಸಲಿ. ಅದಕ್ಕೆ ಬೇಕಾದ ತರಬೇತಿಯನ್ನು ಇಲಾಖೆ ಕೊಡಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಪ್ರಶ್ನೆ ಕೇಳುವ ಹೆಣ್ಣಿಗೆ ಬಾಗಿಲು ಹಾಕಿ ಮಾತಾಡುವ ಒಂದು ಜಾಗ ಇರಲಿ. ಗಂಡನಿಗೂ ಅಲ್ಲೇ ತಿಳಿಸಿ ಹೇಳಲಿ. ಬಲವಂತ, ಹೊಡೆತ ಇದ್ದರೆ 181 ಮಹಿಳಾ ಸಹಾಯವಾಣಿ ಇದೆ.

ಮನೆಯಲ್ಲಿ ಮದುವೆ ಇದ್ದರೆ ಮಗಳ ಕಿವಿಯಲ್ಲಿ ‘ಸಹಿಸ್ಕೋ’ ಅನ್ನಬೇಡಿ. ‘ನೋವಾದರೆ ಬೇಡ ಅನ್ನು’ ಅಂತ ಹೇಳಿ. ಮಗನನ್ನು ಪಕ್ಕಕ್ಕೆ ಕರೆದು ‘ಅವಸರ ಮಾಡಬೇಡ, ಅವಳನ್ನು ಕೇಳು’ ಅನ್ನಿ. ಅಷ್ಟು ಹೇಳಲು ಅಪ್ಪ ಅಮ್ಮನಿಗೆ ಬಾಯಿ ಬರದಿದ್ದರೆ, ಈ ಬರಹವನ್ನೇ ಅವರ ಮೊಬೈಲಿಗೆ ಕಳಿಸಿ.