ಬಚ್ಚಲಿಗೆ ಕಟ್ಟೆ ಬೇಡ

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಸಹೋದ್ಯೋಗಿಯೊಬ್ಬರು ಹೊಸ ಮನೆಯ ನಕ್ಷೆ ತಂದು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿದರು. ಸಿಟೌಟ್ ಎಷ್ಟು ಅಗಲ, ಅಡುಗೆಮನೆ ಯಾವ ದಿಕ್ಕಿಗೆ, ದೇವರ ಕೋಣೆ ಎಲ್ಲಿ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಬಚ್ಚಲಿನ ವಿಷಯ ಬಂದಾಗ ಮಾತ್ರ ಅವರು, "ಅದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ ಸಾರ್. ವಾಕ್-ಇನ್ ಶವರ್ ಬೇಕೂಂತ ಮಗಳು ಹೇಳಿದ್ದಾಳೆ, ಕೊನೆಗೆ ಒಂದು ಗಾಜು ಹಾಕಿಸಿದರಾಯಿತು" ಎಂದು ಮುಗಿಸಿಬಿಟ್ಟರು.

ಮಗಳು ಕೇಳಿದ್ದು ಸರಿ, ಅಪ್ಪ ಅದನ್ನು ಕೊನೆಗೆ ಬಿಟ್ಟದ್ದು ತಪ್ಪು ಎಂದು ನನ್ನ ಅಭಿಪ್ರಾಯ.

ವಾಕ್-ಇನ್ ಶವರ್ ಎಂದರೆ ಗಾಜಿನ ಪೆಟ್ಟಿಗೆಯಲ್ಲ. ಕಟ್ಟೆ ದಾಟದೆ, ಬಾಗಿಲು ತಳ್ಳದೆ, ನೆಟ್ಟಗೆ ನಡೆದುಹೋಗಿ ಮೀಯುವ ಜಾಗ ಅಷ್ಟೆ. ಯೋಚಿಸಿದರೆ ನಮ್ಮ ಅಜ್ಜಂದಿರ ಬಚ್ಚಲು ಕೊಟ್ಟಿಗೆಯಲ್ಲೂ ಇದೇ ಇತ್ತು. ಹಂಡೆಯ ಪಕ್ಕ ಒಂದು ಹಾಸುಕಲ್ಲು, ನೀರು ಹರಿದು ಬಾಳೆಯ ಬುಡಕ್ಕೆ. ಅಲ್ಲಿನ ಹೊಗೆ, ಕತ್ತಲೆ, ಪಾಚಿಯನ್ನು ನಾನು ಹೊಗಳುವುದಿಲ್ಲ. ಆದರೆ ಮಗುವನ್ನೋ ಬಾಣಂತಿಯನ್ನೋ ಮುದುಕರನ್ನೋ ಕುಳ್ಳಿರಿಸಿ ಇನ್ನೊಬ್ಬರು ಮೀಯಿಸುವಷ್ಟು ಜಾಗ ಅಲ್ಲಿತ್ತು. ಬಚ್ಚಲನ್ನು ಮನೆಯೊಳಗೆ ತಂದಾಗ ಹೊಗೆ ಹೋಯಿತು, ಜೊತೆಗೆ ಆ ಜಾಗವೂ ಹೋಯಿತು.

ನನ್ನ ಮನೆಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಸಾಲ ಮಾಡಿ ಕಟ್ಟಿಸಿದೆ. ಬಚ್ಚಲು 4 ಅಡಿಗೆ 7 ಅಡಿ, ಬಾಗಿಲು ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ನೀರು ಈಚೆ ಬಾರದಿರಲೆಂದು ನಡುವೆ 4 ಇಂಚಿನ ಕಟ್ಟೆ. ನಾನೂ ಅಂದು "ಮೇಸ್ತ್ರಿ ನೋಡಿಕೊಳ್ಳುತ್ತಾರೆ" ಎಂದವನೇ. 2018ರ ಮಳೆಗಾಲದಲ್ಲಿ ಅಮ್ಮ ಆ ಕಟ್ಟೆಗೆ ಕಾಲು ತಾಗಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಾಗ ಅವರ ವಾಕರ್ ಬಾಗಿಲಲ್ಲಿ ತೂರಲಿಲ್ಲ. ಕಟ್ಟೆಯನ್ನು ಒಡೆಸಿದೆವು. ಇಳಿಜಾರು ಸರಿಯಿಲ್ಲದ ಕಾರಣ ನೀರು ಕೋಣೆಗೆ ಹರಿಯಿತು. ಕಡೆಗೆ ಇಡೀ ನೆಲವನ್ನೇ ಅಗೆಸಿ ಮತ್ತೆ ಹಾಕಿಸಬೇಕಾಯಿತು. ಮೊದಲೇ ಮಾಡಿಸಿದ್ದರೆ ಹೆಚ್ಚಿನ ಖರ್ಚು ಇರಲಿಲ್ಲ.

ಮುದುಕರ ಮಾತಷ್ಟೇ ಅಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ನಮ್ಮ ಕಾಸರಗೋಡು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಷೇಧಿಸಿತು. ಆದರೆ ನಡೆಯಲಾರದ ಮಕ್ಕಳಿರುವ ಮನೆಗಳು ಇಂದಿಗೂ ಇವೆ. ಒಮ್ಮೆ ಮನೆ ಭೇಟಿಗೆ ಹೋದಾಗ ಒಬ್ಬ ತಾಯಿ ತನ್ನಷ್ಟೇ ಎತ್ತರಕ್ಕೆ ಬೆಳೆದ ಮಗನನ್ನು ಎತ್ತಿಕೊಂಡು ಬಚ್ಚಲಿನ ಮೆಟ್ಟಿಲು ಇಳಿಯುತ್ತಿದ್ದರು. ಮನೆ ಹೊಸದು, ಟೈಲ್ಸ್ ಹೊಳೆಯುತ್ತಿತ್ತು. ಆ ಒಂದು ಮೆಟ್ಟಿಲು ಇಲ್ಲದಿದ್ದರೆ ಗಾಲಿಕುರ್ಚಿ ಒಳಗೆ ಹೋಗುತ್ತಿತ್ತು. ಆ ತಾಯಿಯ ಬೆನ್ನಿನ ಲೆಕ್ಕವನ್ನು ನಕ್ಷೆ ಬರೆದವರು ಇಟ್ಟಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಒಂದು ಬಚ್ಚಲಾದರೂ, ಅದೂ ನೆಲ ಅಂತಸ್ತಿನದ್ದು, 5 ಅಡಿಗೆ 8 ಅಡಿ ಇರಲಿ. ಬಾಗಿಲಿನ ತೆರವು 3 ಅಡಿ ಇರಲಿ, ಅದು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿದ್ದರೆ ಒಳಕ್ಕೆ ತಳ್ಳಲಾಗದು. ಬಾಗಿಲ ಬಳಿ ವಾಶ್ ಬೇಸಿನ್, ಆಮೇಲೆ ಕಮೋಡ್, ಕೊನೆಯ 3 ಅಡಿ ಮೀಯುವ ಜಾಗ. ಆಗ ಈಚೆಯ ನೆಲ ಒಣಗಿರುತ್ತದೆ. ಗಾಲಿಕುರ್ಚಿ ತಿರುಗಲು 5 ಅಡಿ ವೃತ್ತ ಬೇಕು. ಕಟ್ಟೆ ಇಲ್ಲದಿದ್ದರೆ ಒದ್ದೆ ಜಾಗವೂ ಅದಕ್ಕೆ ಸೇರಿ ಸಿಗುತ್ತದೆ.

ನೀರನ್ನು ತಡೆಯಬೇಕಾದದ್ದು ಇಳಿಜಾರು. ಮೀಟರಿಗೆ ಒಂದೂವರೆಯಿಂದ 2 ಸೆಂಟಿಮೀಟರ್ ಇಳಿತ ಸಾಕು, ನೀರು ಹೋಗುವ ಜಾಲರಿ ಕೊನೆಯ ಗೋಡೆಯ ಬುಡದಲ್ಲಿರಲಿ. ಇದನ್ನು ನೆಲ ತುಂಬಿಸುವಾಗಲೇ, ಮಹಡಿಯಾದರೆ ಸ್ಲ್ಯಾಬ್ ಹಾಕುವಾಗಲೇ ನಿರ್ಧರಿಸಬೇಕು. ಟೈಲ್ಸ್ ಹಾಕುವ ಮೊದಲು 24 ಗಂಟೆ ನೀರು ಕಟ್ಟಿ ನಿಲ್ಲಿಸಿ ಸೋರುತ್ತದೆಯೇ ಎಂದು ನೋಡಿ. ಟೈಲ್ಸ್ ಒರಟಾಗಿರಲಿ. ಎರಡೂ ಮುಕ್ಕಾಲು ಅಡಿ ಎತ್ತರದಲ್ಲಿ ಹಿಡಿಕೆ ಬೇಕು. ಗೀಸರಿನ ಲೈನಿಗೆ ಅರ್ತಿಂಗ್ ಮತ್ತು 30 ಮಿಲಿಆಂಪಿಯರಿನ ಸುರಕ್ಷಾ ಸ್ವಿಚ್ ಕಡ್ಡಾಯ. ಗಾಜಿನ ಬದಲು ಅರ್ಧ ಗೋಡೆಯೂ ಆದೀತು.

ನೀರಿನ ಮಾತನ್ನೂ ಹೇಳಬೇಕು. ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಊರಿನವರು ನಾವು. ಮಾರ್ಚ್ ಕಳೆದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಸಾಧಾರಣ ಶವರಿನಲ್ಲಿ ನಿಮಿಷಕ್ಕೆ 8 ಲೀಟರ್ ಹೋದರೂ 10 ನಿಮಿಷಕ್ಕೆ 80 ಲೀಟರ್. ದೊಡ್ಡ ಬಕೆಟ್ ಎರಡಾದರೂ 40 ಲೀಟರ್. ಹಾಗಾಗಿ ಬಕೆಟಿಗೆ ನಲ್ಲಿ ಇರಲೇಬೇಕು. ತಲೆಯ ಮೇಲಿನ ದೊಡ್ಡ ಶವರಿಗಿಂತ ಕೈಯಲ್ಲಿ ಹಿಡಿಯುವ ಶವರ್ ಮೇಲು. ಕುರ್ಚಿಯಲ್ಲಿ ಕುಳಿತವರನ್ನು ಮೀಯಿಸಲು ಅದೇ ಅನುಕೂಲ. ಟ್ಯಾಂಕ್ ಶವರಿಗಿಂತ 2 ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್ ಒತ್ತಡ ಮಾತ್ರ. ಜಾಹೀರಾತಿನಲ್ಲಿ ಕಾಣುವ ಮಳೆ ಅಷ್ಟರಲ್ಲಿ ಸುರಿಯದು.

"ಇಷ್ಟು ಜಾಗ ಎಲ್ಲಿಂದ ತರುವುದು ಸಾರ್?" ಎಂದು ನಮ್ಮ ಸಹೋದ್ಯೋಗಿ ಕೇಳಿದರು. ನ್ಯಾಯವಾದ ಪ್ರಶ್ನೆ. 5 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವವರಿಗೆ ಒಂದಡಿಯೂ ದೊಡ್ಡದು. ನಾನು ಉತ್ತರ ಹೇಳಲಿಲ್ಲ. ಸಂಜೆ ಮಕ್ಕಳು ಹೋದ ಮೇಲೆ ಖಾಲಿ ತರಗತಿಯ ನೆಲದಲ್ಲಿ ಅವರ ನಕ್ಷೆಯ ಬಚ್ಚಲನ್ನು, 4 ಅಡಿಗೆ 6 ಅಡಿ, ಸೀಮೆಸುಣ್ಣದಲ್ಲಿ ಬರೆದೆವು. ಕಮೋಡಿನ ಜಾಗ ಗುರುತು ಮಾಡಿ ಒಂದು ಕುರ್ಚಿ ಇಟ್ಟೆವು. ನಾನು ಕುಳಿತೆ. ಮೀಯಿಸುವವರಂತೆ ಅವರು ಪಕ್ಕದಲ್ಲಿ ನಿಲ್ಲಲು ನೋಡಿದರು. ಕಾಲು ಗೆರೆಯ ಆಚೆ ಹೋಯಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಟೌಟಿನಿಂದ ಎರಡಡಿ ತೆಗೆಯಬಹುದೇನೋ, ಎಂಜಿನಿಯರ್ ಹತ್ತಿರ ಕೇಳುತ್ತೇನೆ" ಎಂದರು.

ಮನೆ ಕಟ್ಟಿಸುವ ಯೋಚನೆಯಲ್ಲಿರುವ ಹೆತ್ತವರು, ಶಿಕ್ಷಕ ಬಂಧುಗಳು ನಕ್ಷೆಯನ್ನು ಪಂಚಾಯತಿಗೆ ಕೊಡುವ ಮೊದಲು ಒಮ್ಮೆ ಹೀಗೆ ಗೆರೆ ಎಳೆದು ನೋಡಿ. ಸೀಮೆಸುಣ್ಣ ಬೇಕಾದರೆ ನಮ್ಮ ಶಾಲೆಯಲ್ಲಿದೆ.