ತಕಿಟ ತಕಿಟ ತಕ: ಅಭ್ಯಾಸದ ಬಗ್ಗೆ ಒಂದು ಪಿಕ್ ಕಲಿಸಿದ ಪಾಠ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ನನಗೆ ಎಂಟನೇ ತರಗತಿಯ ಸಮೀಕರಣದ ಪಾಠ ಬಂದಿತ್ತು. ಮೊದಲ ದಿನ ಐದು ಲೆಕ್ಕ ಕೊಟ್ಟೆ. ಎಕ್ಸ್ − 5 = 9, ಎಕ್ಸ್ + 7 = 11, 3ಎಕ್ಸ್ = 18, ಹೀಗೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಐದನ್ನೂ ಎಲ್ಲರಿಗಿಂತ ಮೊದಲು ಮುಗಿಸಿದಳು. ಐದೂ ಸರಿ. ಟಿಕ್ ಹಾಕಿ ‘ಗುಡ್’ ಎಂದು ಬರೆದೆ. ಪುನರ್ಬಲನ ಕೌಶಲವನ್ನು ಚೆನ್ನಾಗಿ ಬಳಸಿದೆ ಎಂಬ ಸಮಾಧಾನವೂ ನನಗಾಯಿತು.

ಮರುದಿನ −2ಎಕ್ಸ್ = 8 ಎಂದು ಬರೆದೆ. ಅದೇ ಹುಡುಗಿ ಎಕ್ಸ್ = 8 + 2 = 10 ಎಂದು ಬರೆದು ಕೈ ಎತ್ತಿದಳು. ಹೇಗೆ ಬಂತು ಎಂದು ಕೇಳಿದೆ. “ಆ ಕಡೆ ಹೋದ್ರೆ ಮೈನಸ್ಸು ಪ್ಲಸ್ ಆಗತ್ತೆ ಅಂತ ನಿನ್ನೆ ನೀವೇ ಹೇಳಿದ್ರಲ್ಲ ಮಿಸ್?” ಎಂದಳು.

ನಾನು ಹಾಗೆ ಹೇಳಿದ್ದು ನಿಜ. ಎಕ್ಸ್ − 5 = 9ಕ್ಕೆ ಆ ಮಾತು ಸಾಕಾಗಿತ್ತು. 3ಎಕ್ಸ್ = 18 ಅನ್ನು ಅವಳು ಮೂರರ ಮಗ್ಗಿಯಿಂದ ಬಿಡಿಸಿದ್ದಳು. ಹಿಂದಿನ ದಿನದ ಐದು ಸರಿಯುತ್ತರಗಳಲ್ಲಿ ಒಂದೂ ಅವಳು ಯಾವ ದಾರಿಯಿಂದ ಬಂದಳೆಂದು ನನಗೆ ತಿಳಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಸಂಜೆ ಹಾಸ್ಟೆಲಿನಲ್ಲಿ ಗಿಟಾರ್ ಎತ್ತಿಕೊಂಡಾಗ, ಇಂಥದೇ ಪೆಟ್ಟನ್ನು ಕೆಲವು ತಿಂಗಳ ಹಿಂದೆ ನಾನೇ ತಿಂದಿದ್ದೆನಲ್ಲ ಎಂದು ಹೊಳೆಯಿತು. ಗಿಟಾರಿಗೂ ಬಿ.ಎಡ್.ಗೂ ಏನು ಸಂಬಂಧ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ. ಅಭ್ಯಾಸ ಎಂದರೇನು ಎಂಬುದನ್ನು ನಾನು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಅಲ್ಲಿ ಕಲಿತೆ.

ನಾನು ಕಲಿಯುತ್ತಿರುವ ವಿಧಾನದ ಹೆಸರು ಕ್ರಾಸ್‌ಪಿಕಿಂಗ್. ಇದು ಅಮೆರಿಕದ ಬ್ಲೂಗ್ರಾಸ್ ಸಂಗೀತದಿಂದ ಬಂದದ್ದು. 1945ರ ಕೊನೆಯಲ್ಲಿ ಬಿಲ್ ಮನ್ರೊ ಅವರ ತಂಡ ಸೇರಿದ ಅರ್ಲ್ ಸ್ಕ್ರಗ್ಸ್, ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಬ್ಯಾಂಜೊ ತಂತಿಗಳನ್ನು ಸರದಿಯಂತೆ ಮೀಟಿ ಎಡೆಬಿಡದೆ ಉರುಳುವ ನಾದ ತರುತ್ತಿದ್ದರು. ಅದಕ್ಕೆ ‘ರೋಲ್’ ಎನ್ನುತ್ತಾರೆ. ವರ್ಜೀನಿಯಾದ ಜೆಸ್ಸಿ ಮೆಕ್‌ರೆನಾಲ್ಡ್ಸ್ (1929–2023) ಆ ರೋಲನ್ನು ಮ್ಯಾಂಡೊಲಿನ್ ಮೇಲೆ ತರಲು ಹೊರಟರು. ಅವರ ಕೈಯಲ್ಲಿ ಇದ್ದದ್ದು ಮೂರು ಬೆರಳಲ್ಲ, ಒಂದೇ ಒಂದು ಪಿಕ್. 1950ರ ದಶಕದ ಆರಂಭದ ಹೊತ್ತಿಗೆ ಅವರು ಅದಕ್ಕೆ ದಾರಿ ಕಂಡುಕೊಂಡಿದ್ದರು. ಗಿಟಾರಿನಲ್ಲಿ ಇಂಥದೇ ಕೆಲಸ ಮಾಡಿದವರು ಉತ್ತರ ಕೆರೊಲಿನಾದ ಜಾರ್ಜ್ ಶಫ್ಲರ್ (1925–2014). ಸ್ಟ್ಯಾನ್ಲಿ ಸಹೋದರರ ತಂಡದಲ್ಲಿ ವಾದ್ಯಗಾರರು ಕಡಿಮೆಯಾದಾಗ ಹಾಡಿನ ಖಾಲಿ ಜಾಗ ತುಂಬಲು ಅವರಿಗೆ ಈ ನುಡಿಸುವಿಕೆ ಒದಗಿತು.

ನಮ್ಮಲ್ಲಿ ಮ್ಯಾಂಡೊಲಿನ್ ಎಂದೊಡನೆ ಯು. ಶ್ರೀನಿವಾಸ್ (1969–2014) ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನೆನಪಾಗುತ್ತದೆ. ಅದು ಕರ್ನಾಟಕ ಸಂಗೀತದ ದಾರಿ. ಬ್ಲೂಗ್ರಾಸ್ ಮ್ಯಾಂಡೊಲಿನ್‌ನಲ್ಲಿ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿರುತ್ತವೆ. ಶ್ರುತಿ ಪಿಟೀಲಿನದೇ: ಜಿ, ಡಿ, ಎ, ಇ. ತಂತಿ ಗಿಡ್ಡವಾದ್ದರಿಂದ ನಾದ ಬೇಗ ಅಡಗುತ್ತದೆ. ಒಂದು ಸ್ವರ ಅಡಗುವ ಮುನ್ನವೇ ಪಕ್ಕದ ತಂತಿಯಲ್ಲಿ ಇನ್ನೊಂದನ್ನು ಎಬ್ಬಿಸುತ್ತ ಹೋದರೆ ಮೂರೂ ಸೇರಿ ತುಂಬು ನಾದವಾಗುತ್ತದೆ.

ಲೆಕ್ಕ ಹೀಗಿದೆ. ಒಂದು ಆವರ್ತಕ್ಕೆ ಎಂಟು ಸ್ವರ, ಮೀಟಲು ಮೂರು ತಂತಿ. ಎಂಟನ್ನು 3 + 3 + 2 ಎಂದು ಹಂಚುತ್ತಾರೆ. ನಮ್ಮ ಬಾಯಲ್ಲಿ ಹೇಳಿದರೆ ‘ತಕಿಟ ತಕಿಟ ತಕ’. ಒತ್ತು ಬೀಳಬೇಕಾದದ್ದು 1, 4 ಮತ್ತು 7ನೇ ಸ್ವರಗಳ ಮೇಲೆ. ಗಿಟಾರಿನ 4, 3, 2ನೇ ತಂತಿಗಳನ್ನು ಎಡಗೈ ಮುಟ್ಟದೆ ಮೀಟಿದರೂ ಡಿ, ಜಿ, ಬಿ ಸೇರಿ ಜಿ ಮೇಜರ್ ಕಾರ್ಡ್ ಆಗುತ್ತದೆ. ಹಾಗಾಗಿ ಹೊಸಬರು ಬಲಗೈಯೊಂದನ್ನೇ ಅಭ್ಯಾಸ ಮಾಡಬಹುದು. 4-3-2, 4-3-2, 4-3. ಕೇಳಲು ಇಷ್ಟೇ.

ಕಷ್ಟ ಇರುವುದು ಪಿಕ್ ಚಲಿಸುವ ದಿಕ್ಕಿನಲ್ಲಿ. ಒಂದು ಕೆಳಗೆ, ಒಂದು ಮೇಲೆ ಎಂದು ಡೌನ್-ಅಪ್ ತಪ್ಪದೆ ಮೀಟುವುದು ಒಂದು ವಿಧಾನ. 4ನೇ ತಂತಿಯನ್ನು ಡೌನ್ ಮೀಟಿದ ಪಿಕ್ 4 ಮತ್ತು 3ರ ನಡುವೆ ಬಂದು ನಿಲ್ಲುತ್ತದೆ. ಮುಂದಿನದು 3ನೇ ತಂತಿಗೆ ಅಪ್. ಅಂದರೆ ಪಿಕ್ 3ನೇ ತಂತಿಯನ್ನು ಮುಟ್ಟದೆ ದಾಟಿ ಅದರ ಆಚೆ ಬದಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಮೀಟಬೇಕು. ಕಾಗದದ ಮೇಲೆ ಬರೆದು ನೋಡಿದೆ. ಎಂಟು ಸ್ವರಗಳಲ್ಲಿ ಪ್ರತಿಯೊಂದಕ್ಕೂ ಕಡಿಮೆಯೆಂದರೆ ಒಂದು ತಂತಿಯನ್ನು ಹಾರಿ ದಾಟಲೇಬೇಕು. ಅದರ ಮೇಲೆ, ಒತ್ತು ಬೀಳಬೇಕಾದ 4ನೇ ಸ್ವರ ಅಪ್‌ಗೆ ಸಿಗುತ್ತದೆ. ಅಪ್ ಸಹಜವಾಗಿಯೇ ಬಡಕಲು.

ಶಫ್ಲರ್ ದಾರಿ ಬೇರೆ: ಡೌನ್-ಡೌನ್-ಅಪ್, ಡೌನ್-ಡೌನ್-ಅಪ್, ಡೌನ್-ಅಪ್. ಇಲ್ಲಿ 4ರಿಂದ 3ಕ್ಕೆ ಪಿಕ್ ಜಾರಿಕೊಂಡು ಹೋಗುತ್ತದೆ, ಹಾರಬೇಕಿಲ್ಲ. ಮೂರೂ ಒತ್ತುಗಳು ಡೌನ್‌ಗೇ ಸಿಗುತ್ತವೆ. ಆದರೆ ಎರಡು ಡೌನ್‌ಗಳು ಒಂದರ ಮೇಲೊಂದು ಬಿದ್ದು ಲಯ ಕುದುರೆ ಓಟದಂತೆ ಕುಂಟುವ ಭಯವಿದೆ. ಮೆಕ್‌ರೆನಾಲ್ಡ್ಸ್ ಅವರದು ಮೂರನೆಯ ದಾರಿ: ಡೌನ್-ಅಪ್-ಅಪ್. ಒಂದು ವಿಧಾನ ಕಾಲ ಕಾಯುತ್ತದೆ, ಒತ್ತು ಕಷ್ಟ. ಇನ್ನೊಂದರಲ್ಲಿ ಒತ್ತು ಸುಲಭ, ಕಾಲ ಕಷ್ಟ. ಯಾವುದೂ ತಪ್ಪಲ್ಲ. ಆದರೆ ಯಾವ ದಾರಿಯಲ್ಲಿದ್ದೇನೆಂದು ಗೊತ್ತಿಲ್ಲದೆ ನಡುವೆ ಬದಲಿಸಿದರೆ ಕೈ ಸಿಕ್ಕಿಹಾಕಿಕೊಳ್ಳುತ್ತದೆ.

ನನಗೆ ಆದದ್ದು ಅದೇ. ಡೌನ್-ಅಪ್ ವಿಧಾನ ಆರಿಸಿಕೊಂಡು, ಮೆಟ್ರೊನೋಮಿನಲ್ಲಿ ಬಡಿತಕ್ಕೆ ಎರಡು ಸ್ವರದಂತೆ ನಿಮಿಷಕ್ಕೆ 60 ಬಡಿತದಿಂದ ಶುರುಮಾಡಿದೆ. ಹದಿನೈದು ದಿನಕ್ಕೆ 110 ಮುಟ್ಟಿದೆ. ದಿನವೂ ಅಂಕಿ ಏರುತ್ತಿತ್ತು, ನಾನು ಖುಷಿಪಡುತ್ತಿದ್ದೆ. ಆಮೇಲೆ ರೋಲಿನೊಳಗೆ ಒಂದು ಹಾಡಿನ ಸ್ವರಗಳನ್ನು ಕೂಡಿಸಲು ಹೋದರೆ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಮಣಿಕಟ್ಟು ಬಿಗಿದು ನೋಯತೊಡಗಿತು. ಫೋನಿನಲ್ಲಿ ಬಲಗೈಯ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿದೆ. ಎರಡನೇ ‘ತಕಿಟ’ದಲ್ಲಿ ಅಪ್ ಬರಬೇಕಾದ ಕಡೆ ನನ್ನ ಕೈ ಕೆಲವೊಮ್ಮೆ ಡೌನ್ ಮೀಟುತ್ತಿತ್ತು, ಕೆಲವೊಮ್ಮೆ ಅಪ್. ಬರಿಯ ತಂತಿಗಳ ರೋಲಿನಲ್ಲಿ ಎರಡೂ ಒಂದೇ ರೀತಿ ಕೇಳಿಸಿದ್ದರಿಂದ ಕಿವಿಗೆ ಗೊತ್ತಾಗಿರಲಿಲ್ಲ. 4ನೇ ಸ್ವರವೇ ಹಾಡಿನ ಸ್ವರವಾಗಿ ಅದಕ್ಕೆ ಒತ್ತು ಕೊಡಬೇಕಾದಾಗ ಗುಟ್ಟು ರಟ್ಟಾಯಿತು. ಹದಿನೈದು ದಿನ ನಾನು ತಪ್ಪನ್ನೇ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೆ.

ಐದು ಲೆಕ್ಕಕ್ಕೆ ಐದು ಟಿಕ್ ಹಾಕಿಸಿಕೊಂಡ ಆ ಹುಡುಗಿಗೂ 110 ಮುಟ್ಟಿದ ನನಗೂ ಏನು ವ್ಯತ್ಯಾಸ?

ಹಾಗಾದರೆ ನಿಧಾನವಾಗಿ ಅಭ್ಯಾಸ ಮಾಡಿದರೆ ಸಾಕೇ? ನಾನೂ ಹಾಗೆಯೇ ಅಂದುಕೊಂಡು 50ಕ್ಕೆ ಇಳಿದೆ. ಒಂದು ವಾರ ಒಂದೂ ದಿಕ್ಕು ತಪ್ಪಲಿಲ್ಲ. ಆದರೆ ವೇಗ ಹೆಚ್ಚಿಸಿದರೆ ಮತ್ತೆ ಕೈ ನಿಂತಿತು. ಕಾರಣ, 50ರಲ್ಲಿ ನಾನು ಪ್ರತಿ ತಂತಿ ದಾಟಲು ಇಡೀ ಕೈ ಎತ್ತಿ ಇಡುತ್ತಿದ್ದೆ. ಅಷ್ಟು ದೊಡ್ಡ ಚಲನೆಗೆ 90ರಲ್ಲಿ ಸಮಯವೇ ಇರುವುದಿಲ್ಲ. ನಿಧಾನವೂ ತಪ್ಪನ್ನು ಮುಚ್ಚಿಡಬಲ್ಲದು. ಈಗ ನಾನು ಮಾಡುವುದು ಇಷ್ಟು: 60ರಲ್ಲಿ ‘ತಕಿಟ ತಕಿಟ ತಕ’ ಎಂದು ಬಾಯಲ್ಲಿ ಹೇಳುತ್ತ ನುಡಿಸುತ್ತೇನೆ. ನಡುನಡುವೆ ಹತ್ತೇ ಸೆಕೆಂಡು 100ಕ್ಕೆ ಏರಿಸಿ, ಕೈ ಎಲ್ಲಿ ತಡವರಿಸುತ್ತದೆಂದು ನೋಡುತ್ತೇನೆ. ನೋಡಿ ವಾಪಸ್ 60ಕ್ಕೆ ಬಂದು ಆ ಜಾಗವನ್ನಷ್ಟೇ ತಿದ್ದುತ್ತೇನೆ. ವಾರಕ್ಕೊಮ್ಮೆ ಅದೇ ರೋಲನ್ನು ಸ್ನೇಹಿತೆಯ ಮ್ಯಾಂಡೊಲಿನ್ ಮೇಲೆ ನುಡಿಸುತ್ತೇನೆ. ಅಲ್ಲಿ ಅಪ್ ದುರ್ಬಲವಾಗಿದ್ದರೆ ಜೋಡಿಯಲ್ಲಿ ಒಂದೇ ತಂತಿ ನುಡಿದು ಸದ್ದು ಪೇಲವವಾಗುತ್ತದೆ. ಗಿಟಾರ್ ಮುಚ್ಚಿಟ್ಟದ್ದನ್ನು ಮ್ಯಾಂಡೊಲಿನ್ ಹೇಳಿಬಿಡುತ್ತದೆ.

ಇಲ್ಲಿಂದ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ಪಾಠಯೋಜನೆಗಳಲ್ಲಿ ಅಭ್ಯಾಸ ಎಂದರೆ ಕೊನೆಯ ಐದು ನಿಮಿಷ. ಕಲಿಸಿದ ಮಾದರಿಯದೇ ನಾಲ್ಕೈದು ಲೆಕ್ಕ ಕೊಟ್ಟು, ಹೆಚ್ಚು ಕೈಗಳು ಎದ್ದರೆ ‘ಉದ್ದೇಶ ಸಾಧನೆಯಾಗಿದೆ’ ಎಂದು ಬರೆಯುತ್ತೇವೆ. ಒಂದೇ ಮಾದರಿಯ ಲೆಕ್ಕಗಳು ಬರಿಯ ತಂತಿಯ ರೋಲಿನಂತೆ. ದಾರಿ ಸರಿಯಿದ್ದರೂ ತಪ್ಪಿದ್ದರೂ ಒಂದೇ ಸದ್ದು. ದಾರಿಯನ್ನು ತೋರಿಸಿಕೊಡುವ ಲೆಕ್ಕ ಬೇರೆ ಇರುತ್ತದೆ. ನನ್ನ ಪಾಠದಲ್ಲಿ ಅದು −2ಎಕ್ಸ್ = 8. ಅದನ್ನು ನಾನು ಮೊದಲ ದಿನವೇ, ಅಂಕವಿಲ್ಲದೆ, ಹತ್ತು ಸೆಕೆಂಡಿನ ವೇಗಪರೀಕ್ಷೆಯಂತೆ ಕೊಡಬೇಕಿತ್ತು. ಅಂಥ ಲೆಕ್ಕವನ್ನು ನಾವು ‘ಕಠಿಣ’ ಎಂದು ಕೊನೆಗೆ ಇಡುತ್ತೇವೆ, ಇಲ್ಲವೇ ಪರೀಕ್ಷೆಗೆ ಉಳಿಸುತ್ತೇವೆ. ಅಷ್ಟು ಹೊತ್ತಿಗೆ ಮಗು ತಪ್ಪು ದಾರಿಯಲ್ಲಿ ಬಹಳ ದೂರ ಹೋಗಿರುತ್ತದೆ.

ಇನ್ನೊಂದು ಮಾತು. ಸೂಕ್ಷ್ಮ ಬೋಧನೆಯ ಚಕ್ರ ನಮಗೆಲ್ಲ ಬಾಯಿಪಾಠ: ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಒಟ್ಟು 36. ಇದರಲ್ಲಿ ಅತಿ ಹೆಚ್ಚು ಸಮಯ ಯಾವುದಕ್ಕೆ? ಎಲ್ಲಿ ತಪ್ಪಿತೆಂದು ತಿಳಿದ ಮೇಲೆ ಯೋಚಿಸಿ ಸರಿಪಡಿಸಿಕೊಳ್ಳುವುದಕ್ಕೆ. ಪ್ರಶಿಕ್ಷಣಾರ್ಥಿಗಳಾದ ನಮಗೆ ಇಷ್ಟು ಉದಾರವಾಗಿ ಕೊಡುವ ಮರುಯತ್ನವನ್ನು ನಾವು ನಮ್ಮ ಮಕ್ಕಳಿಗೆ ಯಾವ ಪಾಠಯೋಜನೆಯಲ್ಲಿ ಕೊಟ್ಟಿದ್ದೇವೆ?

ಸಿಲೆಬಸ್ ಮುಗಿಯಬೇಡವೇ ಎಂದು ನೀವು ಕೇಳುವುದು ನನಗೆ ಗೊತ್ತು. ನ್ಯಾಯವಾದ ಪ್ರಶ್ನೆ. ಆ ಹುಡುಗಿಯ ಉತ್ತರ ನೋಡಿದ ದಿನ ನಾನು ಮುಂದಿನ ಪಾಠ ನಿಲ್ಲಿಸಿದೆ. “10 ಅಂದ್ಯಲ್ಲ, ಎಕ್ಸ್ ಇದ್ದ ಜಾಗದಲ್ಲಿ ಅದನ್ನೇ ಹಾಕಿ ನೋಡಮ್ಮ” ಎಂದೆ. −2 ಇಂಟು 10, −20. “ಎಂಟು ಬರ್ಲಿಲ್ಲ ಮಿಸ್” ಎಂದಳು. ಅವಳ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಕುತೂಹಲವಿತ್ತು. ನನ್ನ ಫೋನಿನ ವಿಡಿಯೊ ನನಗೆ ಮಾಡಿದ ಕೆಲಸವನ್ನು ತಾಳೆ ನೋಡುವುದು ಅವಳಿಗೆ ಮಾಡಿತು. ಆಮೇಲೆ ಎರಡೂ ಬದಿಗೆ ಒಂದೇ ಕೆಲಸ ಮಾಡುವುದು ಎಂದರೇನೆಂದು ತಕ್ಕಡಿ ಬರೆದು ಮೊದಲಿಂದ ಶುರುಮಾಡಿದೆವು. ಇಡೀ ಪೀರಿಯಡ್ ಹೋಯಿತು. ನನ್ನ ವೀಕ್ಷಣಾ ಪುಸ್ತಕದಲ್ಲಿ ‘ಯೋಜಿಸಿದ ಪಾಠ ಪೂರ್ಣಗೊಂಡಿಲ್ಲ’ ಎಂಬ ಷರಾ ಬಿತ್ತು. ಷರಾ ಸುಳ್ಳಲ್ಲ. ಆದರೆ ಆ ದಿನ ಪಾಠ ಪೂರ್ಣಗೊಳಿಸಿದ್ದರೆ ಏನು ಪೂರ್ಣವಾಗುತ್ತಿತ್ತು ಎಂಬುದು ನನ್ನ ಪ್ರಶ್ನೆ.

ನಾನು ಕೇಳುತ್ತಿರುವುದು ದೊಡ್ಡ ಬದಲಾವಣೆಯಲ್ಲ. ಐದು ಲೆಕ್ಕದ ಬದಲು ಮೂರು ಕೊಡೋಣ. ಮೂರರಲ್ಲಿ ಒಂದು ದಾರಿ ತೋರಿಸುವ ಲೆಕ್ಕವಿರಲಿ. ಯಾವುದಾದರೂ ಒಂದು ಹೆಜ್ಜೆಯ ಪಕ್ಕ ‘ಏಕೆ’ ಎಂದು ಮಕ್ಕಳು ಬರೆಯಲಿ. ತಪ್ಪಿದವರಿಗೆ ಅದೇ ಪೀರಿಯಡಿನಲ್ಲಿ ಇನ್ನೊಂದು ಸರದಿ ಸಿಗಲಿ. ಪಾಠಯೋಜನೆಯಲ್ಲಿ ‘ಮಗು ಎಲ್ಲಿ ಎಡವಬಹುದು’ ಎಂಬ ಒಂದು ಕಂಬಸಾಲು ಸೇರಿದರೆ ಇವೆಲ್ಲ ತಾವಾಗಿ ಬರುತ್ತವೆ. ಅದನ್ನು ತುಂಬಬೇಕಾದರೆ ಮೊದಲು ನಾವೇ ಆ ಲೆಕ್ಕವನ್ನು ತಪ್ಪಾಗಿ ಮಾಡಿ ನೋಡಬೇಕಾಗುತ್ತದೆ.

ಆ ಹುಡುಗಿಗೆ ಘಟಕ ಪರೀಕ್ಷೆಯಲ್ಲಿ ಎಷ್ಟು ಬಂತೋ ತಿಳಿಯದು. ಅಷ್ಟರಲ್ಲಿ ನಮ್ಮ ಬೋಧನಾಭ್ಯಾಸ ಮುಗಿದಿತ್ತು. ಕೊನೆಯ ದಿನ ನೋಡಿದಾಗ ಅವಳು ಎಲ್ಲರಿಗಿಂತ ಮೊದಲು ಮುಗಿಸುವುದನ್ನು ಬಿಟ್ಟಿದ್ದಳು, ಪ್ರತಿ ಉತ್ತರದ ಕೆಳಗೆ ತಾಳೆ ನೋಡುತ್ತಿದ್ದಳು. ನನ್ನ ಮೆಟ್ರೊನೋಮ್ ಈಗ 84ರಲ್ಲಿದೆ. 110 ಇನ್ನೂ ದೂರ. ಆದರೆ 4ನೇ ಸ್ವರ ಅಪ್‌ನಲ್ಲೇ ಬರುತ್ತಿದೆ, ಮಣಿಕಟ್ಟು ನೋಯುತ್ತಿಲ್ಲ. ಈ ಅಭಿಪ್ರಾಯದಲ್ಲಿ ತಪ್ಪಿದ್ದರೆ ಉಪನ್ಯಾಸಕರೂ ಸಹಪ್ರಶಿಕ್ಷಣಾರ್ಥಿಗಳೂ ತಿದ್ದಬೇಕೆಂದು ಕೋರುತ್ತೇನೆ. ತಿದ್ದುವಾಗ ಎಲ್ಲಿ ದಿಕ್ಕು ತಪ್ಪಿತು ಎಂಬುದನ್ನೂ ಹೇಳಿದರೆ ಉಪಕಾರ.